ಕಡತದ ಪ್ರತಿ

ಕಡತ ಎಂಬ ಮಾತು ಗಣಕಯಂತ್ರದೊಡನೆ ಕನ್ನಡಕ್ಕೆ ಬಂದುದಲ್ಲ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪದರಪದರವಾಗಿ ಮಡಿಸಿದ ಕರಿಯ ಪುಸ್ತಕವನ್ನು ನಮ್ಮ ಹಿರಿಯರು ಕಡತವೆಂದು ಕರೆಯುತ್ತಿದ್ದರು. ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಬೇಡವಾದ ಬರಹವನ್ನು ಒರಸಿ, ಅದೇ ಜಾಗದಲ್ಲಿ ಬೇರೊಂದನ್ನು ಬರೆಯಲು ಅಲ್ಲಿ ಅವಕಾಶವಿತ್ತು. ಇಂದು ಗಣಕಯಂತ್ರದ ಡಿಸ್ಕಿನಲ್ಲಿರುವ ಬರಹ, ಚಿತ್ರ, ಹಾಡು ಮೊದಲಾದವುಗಳ ಒಂದೊಂದು ಕಟ್ಟಿಗೂ ನಾವು ಕಡತವೆಂದೇ ಹೆಸರಿಟ್ಟಿದ್ದೇವೆ. ಹೆಸರು ತಕ್ಕುದಾಗಿಯೇ ಇದೆ. ಹಳೆಯ ಕಡತದಂತೆ ಇಲ್ಲಿಯೂ ಬರೆಯುವುದು ಸುಲಭ. ಒರಸುವುದು ಅದಕ್ಕಿಂತಲೂ ಸುಲಭ.

ಸುಲಭವಾಗಿ ಅಳಿಯುವ ವಸ್ತುವಿಗೆ ಇನ್ನೊಂದು ಪ್ರತಿ ಇರಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಪ್ರತಿ ಮಾಡುವುದೆಂದರೇನು? ಗುಂಡಿಯೊಂದನ್ನು ಒತ್ತಿದೊಡನೆ ಗಣಕಯಂತ್ರದೊಳಗೆ ನಡೆಯುವ ಕೆಲಸವಾವುದು? ಆ ಕೆಲಸ ಸರಿಯಾಗಿ ನಡೆಯಿತೆಂದು ನಾವು ತಿಳಿಯುವುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಬಂಡೆಯ ಮೇಲಿನ ಪ್ರತಿ

ಮೊದಲು, ಪ್ರತಿಯ ಬೆಲೆಯೇನೆಂಬುದಕ್ಕೆ ಕಲಬುರಗಿ ಜಿಲ್ಲೆಯಲ್ಲಿಯೇ ಇರುವ ಒಂದು ನಿದರ್ಶನವನ್ನು ನೋಡಬಹುದು. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದ ಮೇಲೆ ಸನ್ನತಿ ಎಂಬ ಊರಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಛಾವಣಿ ಕುಸಿದು ಬಿತ್ತು. ಆಗ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವಿರುವುದು ಬೆಳಕಿಗೆ ಬಂದಿತು. ಅದು ಸುಮಾರು 2,250 ವರ್ಷಗಳಷ್ಟು ಹಿಂದಿನ ಅಶೋಕನ ಶಾಸನವಾಗಿತ್ತು. ಆದರೆ ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾರೋ ಚಪ್ಪಡಿಯ ನಡುವೆ ಚೌಕನಾದ ರಂಧ್ರವನ್ನು ಕೊರೆದಿದ್ದರು. ಆ ಜಾಗದ ಅಕ್ಷರಗಳು ಹಾರಿಹೋಗಿದ್ದುವು.

ಹೋದ ಅಕ್ಷರಗಳನ್ನು ಮರಳಿ ತರುವುದು ಹೇಗೆ? ಅಶೋಕನು ತನ್ನ ಶಾಸನಗಳನ್ನು ಒಂದೇ ಕಡೆ ಬರೆಸಿರಲಿಲ್ಲ. ಸನ್ನತಿಯ ಕಲ್ಲಿನಲ್ಲಿ ಅವನ 12ನೆಯ ಮತ್ತು 14ನೆಯ ಬಂಡೆ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ. ಆ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿಯಲ್ಲಿಯೂ ಜೌಗಡದಲ್ಲಿಯೂ ಮೊದಲೇ ದೊರೆತಿದ್ದುವು. ಆ ಪ್ರತಿಗಳೊಡನೆ ಹೋಲಿಸಿ, ರಂಧ್ರದ ಜಾಗದಲ್ಲಿ ಯಾವ ಮಾತು ಇದ್ದಿರಬೇಕೆಂಬುದನ್ನು ವಿದ್ವಾಂಸರು ಊಹಿಸಲು ಸಾಧ್ಯವಾಯಿತು. ಒಂದೇ ಪ್ರತಿ ಇದ್ದಿದ್ದರೆ ಆ ರಂಧ್ರವು ಎಂದೆಂದಿಗೂ ಬರಿಯ ರಂಧ್ರವಾಗಿಯೇ ಉಳಿಯುತ್ತಿತ್ತು.

ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. 14ನೆಯ ಶಾಸನದ ವಿಷಯ ಶಾಸನಗಳನ್ನು ಬರೆಸಿದ ರೀತಿಯೇ ಆಗಿದೆ. ಕೆಲವನ್ನು ಸಂಕ್ಷೇಪವಾಗಿ, ಕೆಲವನ್ನು ವಿಸ್ತಾರವಾಗಿ ಬರೆಸಿರುವುದಾಗಿಯೂ, ಎಲ್ಲಿಯಾದರೂ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ದೋಷವೂ ಕಾರಣವಾಗಿರಬಹುದೆಂದೂ ಅದರಲ್ಲಿ ಹೇಳಿದೆ. ನಕಲಿನಲ್ಲಿ ತಪ್ಪು ನುಸುಳಬಹುದೆಂಬ ಎಚ್ಚರ ಅಷ್ಟು ಹಿಂದೆಯೇ ಇತ್ತು. ಗಣಕಯಂತ್ರವೆಂಬ ಇಂದಿನ ಲಿಪಿಕಾರನ ವಿಷಯದಲ್ಲಿಯೂ ನಮಗೆ ಆ ಎಚ್ಚರ ಬೇಕು.

ಕಡತದ ಒಳಗೇನಿದೆ?

ಕಲಬುರಗಿಯ ಗಾಜಿಪುರದಲ್ಲಿ ವಾಸವಾಗಿರುವ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹಾಡಿದ ಬೀಸುವ ಕಲ್ಲಿನ ಪದವೊಂದನ್ನು ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಂಡಿದ್ದಾಳೆಂದು ಭಾವಿಸೋಣ. ಅಜ್ಜಿ ಈಗ ಹಾಡಲಾರರು. ಫೋನಿನಲ್ಲಿ ಸ್ಥಳ ಮುಗಿಯುತ್ತ ಬಂದಿದೆ. ಆ ಧ್ವನಿಯ ಕಡತವನ್ನು ಡಿಸ್ಕಿಗೆ ನಕಲು ಮಾಡಿ, ಫೋನಿನಲ್ಲಿರುವುದನ್ನು ಅಳಿಸಬೇಕೆಂಬುದು ಅವಳ ಉದ್ದೇಶ. ನಕಲಿನಲ್ಲಿ ಕೊರತೆಯಿದ್ದು ಮೂಲವನ್ನು ಅಳಿಸಿಬಿಟ್ಟರೆ, ಆ ದನಿಯನ್ನು ಮರಳಿ ಕೊಡಬಲ್ಲ ಯಂತ್ರ ಲೋಕದಲ್ಲಿಲ್ಲ.

ಈ ಕಡತದೊಳಗೆ ಹಾಡು ಹಾಡಾಗಿ ಇರುವುದಿಲ್ಲ. ಅಲ್ಲಿರುವುದು ಅಂಕಿಗಳ ಒಂದು ಉದ್ದನೆಯ ಸಾಲು ಮಾತ್ರ. ಒಂದೊಂದು ಅಂಕಿಯೂ 0 ಮತ್ತು 255ರ ನಡುವೆ ಇರುತ್ತದೆ. ಇದಕ್ಕೆ ಬೈಟ್ ಎಂದು ಹೆಸರು. ಸೊನ್ನೆ ಅಥವಾ ಒಂದು ಎಂಬ ಎಂಟು ಗುರುತುಗಳು ಸೇರಿ ಒಂದು ಬೈಟ್ ಆಗುತ್ತದೆ. ಕನ್ನಡ ಬರಹವೂ ಹೀಗೆಯೇ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದನ್ನು ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. "ಕ" ಎಂಬುದು 224, 178, 149 ಎಂಬ ಮೂರು ಅಂಕಿಗಳಾಗುತ್ತದೆ. "ಕಲಬುರಗಿ" ಎಂಬ ಮಾತಿನಲ್ಲಿ ನಮ್ಮ ಕಣ್ಣಿಗೆ ಐದು ಅಕ್ಷರಗಳಿವೆ. ಯಂತ್ರವು ಕೊಂಬನ್ನೂ ಗುಡಿಸನ್ನೂ ಬೇರೆ ಚಿಹ್ನೆಗಳೆಂದು ಎಣಿಸುವುದರಿಂದ ಅದಕ್ಕೆ ಏಳು ಚಿಹ್ನೆಗಳು, ಅಂದರೆ 21 ಬೈಟುಗಳು.

ಆದುದರಿಂದ ಕಡತವನ್ನು ನಕಲು ಮಾಡುವುದೆಂದರೆ ಈ ಅಂಕಿಗಳ ಸಾಲನ್ನು, ಒಂದೂ ಬಿಡದೆ, ಒಂದನ್ನೂ ಸೇರಿಸದೆ, ಕ್ರಮ ತಪ್ಪದೆ ಇನ್ನೊಂದು ಕಡೆ ಬರೆಯುವುದು. ಅರ್ಥವನ್ನು ತಿಳಿದುಕೊಳ್ಳುವ ಹೊಣೆ ನಕಲು ಮಾಡುವ ಪ್ರೋಗ್ರಾಂಗೆ ಇಲ್ಲ, ಇರಬಾರದು ಕೂಡ. ಇದು ಹೇಗೆ ಅಪಾಯವಾಗುತ್ತದೆಂಬುದನ್ನು ಮುಂದೆ ನೋಡುವೆವು.

ಎಂಟು ಹೆಜ್ಜೆಗಳು

ಪ್ರೋಗ್ರಾಂ ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ. ಭಾಷೆ ಸಿ ಆಗಿರಲಿ, ಪೈಥಾನ್ ಆಗಿರಲಿ, ನಕಲು ಮಾಡುವ ಪ್ರೋಗ್ರಾಂನ ತಿರುಳು ಒಂದೇ. ಅದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

1. ಮೂಲ ಕಡತವನ್ನು ಓದುವುದಕ್ಕಾಗಿ ತೆರೆ. ತೆರೆಯಲಾಗದಿದ್ದರೆ ಕಾರಣವನ್ನು ತಿಳಿಸಿ ನಿಲ್ಲು.
2. ಹೊಸ ಕಡತವನ್ನು ಬರೆಯುವುದಕ್ಕಾಗಿ ತೆರೆ. ಆ ಹೆಸರಿನ ಕಡತ ಮೊದಲೇ ಇದ್ದರೆ ಅದನ್ನು ಮುಟ್ಟದೆ ನಿಲ್ಲು.
3. ಮೂಲದಿಂದ ಒಂದು ಕಂತಿನಷ್ಟು ಬೈಟುಗಳನ್ನು ಓದು. ಓದುವಾಗ ದೋಷ ಕಂಡರೆ ನಿಲ್ಲು.
4. ಓದಿದ ಬೈಟುಗಳ ಸಂಖ್ಯೆ ಸೊನ್ನೆಯಾಗಿದ್ದರೆ ಮೂಲವು ಮುಗಿಯಿತು. 7ನೆಯ ಹೆಜ್ಜೆಗೆ ಹೋಗು.
5. ಎಷ್ಟು ಓದಿದೆಯೋ ಅಷ್ಟನ್ನೇ ಹೊಸ ಕಡತದಲ್ಲಿ ಬರೆ. ಅಷ್ಟೂ ಬರೆದಾಯಿತೇ ಎಂದು ನೋಡು.
6. ಮತ್ತೆ 3ನೆಯ ಹೆಜ್ಜೆಗೆ ಮರಳು.
7. ಬರೆದುದೆಲ್ಲ ಡಿಸ್ಕನ್ನು ತಲಪುವಂತೆ ಆಜ್ಞೆ ಕೊಟ್ಟು, ಎರಡು ಕಡತಗಳನ್ನೂ ಮುಚ್ಚು.
8. ಎರಡನ್ನೂ ಮೊದಲಿನಿಂದ ಓದಿ ತಾಳೆ ನೋಡು.

ಇವುಗಳಲ್ಲಿ ಮೂರು, ನಾಲ್ಕು, ಐದು, ಆರನೆಯ ಹೆಜ್ಜೆಗಳು ಗಾಣದೆತ್ತಿನಂತೆ ಸುತ್ತುತ್ತಿರುತ್ತವೆ. ಒಂದು ಸುತ್ತಿನಲ್ಲಿ ಎಷ್ಟು ಬೈಟುಗಳನ್ನು ಒಯ್ಯಬೇಕು? ಅಜ್ಜಿಯ ಹಾಡಿನ ಕಡತದಲ್ಲಿ 10,50,000 ಬೈಟುಗಳಿವೆಯೆಂದು ಇಟ್ಟುಕೊಳ್ಳೋಣ. ಒಂದೊಂದೇ ಬೈಟನ್ನು ಕೇಳಿ ಪಡೆಯುವುದಾದರೆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಬಾಗಿಲನ್ನು ಓದುವುದಕ್ಕೇ ಹತ್ತೂವರೆ ಲಕ್ಷ ಸಲ ತಟ್ಟಬೇಕು. ಬರೆಯುವುದಕ್ಕೆ ಮತ್ತೆ ಅಷ್ಟೇ ಸಲ. ಬಾವಿಯಿಂದ ಹಂಡೆಗೆ ಚಮಚದಲ್ಲಿ ನೀರು ತುಂಬಿದಂತಾಯಿತು. ಒಂದು ಸಲಕ್ಕೆ 65,536 ಬೈಟುಗಳನ್ನು ತರುವ ಕೊಡವನ್ನು ಇಟ್ಟುಕೊಂಡರೆ 17 ಸಲಕ್ಕೆ ಕಡತ ಮುಗಿಯುತ್ತದೆ. ಸ್ಮೃತಿಯಲ್ಲಿ ಇಂತಹ ಕೊಡವಾಗಿ ಕೆಲಸ ಮಾಡುವ ಸ್ಥಳಕ್ಕೆ ಬಫರ್ ಎಂದು ಹೆಸರು.

ಇಲ್ಲಿ ಐದನೆಯ ಹೆಜ್ಜೆಯ "ಎಷ್ಟು ಓದಿದೆಯೋ ಅಷ್ಟನ್ನೇ" ಎಂಬ ಮಾತನ್ನು ಮರೆಯಬಾರದು. ಮೊದಲ 16 ಕೊಡಗಳು ತುಂಬಿ ಬರುತ್ತವೆ. ಅವುಗಳಲ್ಲಿ 10,48,576 ಬೈಟುಗಳು ಮುಗಿಯುತ್ತವೆ. ಕೊನೆಯ ಕೊಡದಲ್ಲಿ ಬರುವುದು 1,424 ಬೈಟುಗಳು ಮಾತ್ರ. ಉಳಿದ ಜಾಗದಲ್ಲಿ ಹಿಂದಿನ ಕೊಡದ 64,112 ಬೈಟುಗಳು ಹಾಗೆಯೇ ನಿಂತಿರುತ್ತವೆ. ಪ್ರೋಗ್ರಾಂ ಎಚ್ಚರ ತಪ್ಪಿ ಇಡೀ ಕೊಡವನ್ನು ಸುರಿದರೆ ಆ ಹಳೆಯ ನೀರೂ ಹೊಸ ಕಡತವನ್ನು ಸೇರುತ್ತದೆ. ಹಾಡಿನ ಕೊನೆಗೆ ಹಾಡಲ್ಲದ್ದು ಅಂಟಿಕೊಳ್ಳುತ್ತದೆ.

ತಪ್ಪು ನುಸುಳುವ ದಾರಿಗಳು

1978ರಲ್ಲಿ ಕರ್ನಿಘನ್ ಮತ್ತು ರಿಚಿ ಎಂಬ ಇಬ್ಬರು ಸಿ ಭಾಷೆಯನ್ನು ಕುರಿತ ತಮ್ಮ ಪ್ರಸಿದ್ಧ ಪುಸ್ತಕವನ್ನು ಪ್ರಕಟಿಸಿದರು. ಅದರ ಮೊದಲನೆಯ ಅಧ್ಯಾಯದಲ್ಲಿಯೇ ಒಂದೊಂದು ಅಕ್ಷರವನ್ನು ಓದಿ ಒಂದೊಂದನ್ನು ಬರೆಯುವ ನಕಲಿನ ಪ್ರೋಗ್ರಾಂ ಇದೆ. ಕೆಲವೇ ಸಾಲುಗಳ ಆ ಪ್ರೋಗ್ರಾಂನಲ್ಲಿ ದೊಡ್ಡ ಪಾಠವೊಂದು ಅಡಗಿದೆ. ಬೈಟಿಗೆ 0ಯಿಂದ 255ರವರೆಗೆ 256 ಬೆಲೆಗಳುಂಟಷ್ಟೆ. "ಕಡತ ಮುಗಿಯಿತು" ಎಂದು ಸೂಚಿಸಲು ಇವುಗಳಿಗಿಂತ ಬೇರೆಯಾದ 257ನೆಯ ಬೆಲೆಯೊಂದು ಬೇಕು. ಸಾಮಾನ್ಯವಾಗಿ ಅದಕ್ಕೆ -1 ಎಂಬ ಅಂಕಿಯನ್ನು ಬಳಸುತ್ತಾರೆ. ಓದಿದುದನ್ನು ಒಂದೇ ಬೈಟಿನ ಪಾತ್ರೆಯಲ್ಲಿ ಇಟ್ಟರೆ, ಅನೇಕ ಯಂತ್ರಗಳಲ್ಲಿ 255 ಎಂಬುದೂ -1 ಎಂಬುದೂ ಒಂದೇ ಆಗಿ ಕಾಣುತ್ತವೆ. ಜೆಪೆಗ್ ಎಂಬ ಬಗೆಯ ಛಾಯಾಚಿತ್ರದ ಕಡತಗಳ ಮೊಟ್ಟಮೊದಲ ಬೈಟ್ 255. ಇಂತಹ ಪ್ರೋಗ್ರಾಂ ಆ ಚಿತ್ರವನ್ನು ನಕಲು ಮಾಡಹೋಗಿ, ಒಂದು ಬೈಟನ್ನೂ ಬರೆಯದೆ "ಮುಗಿಯಿತು" ಎಂದು ನಿಂತುಬಿಡುತ್ತದೆ. ದೋಷದ ಸೂಚನೆ ಮಾತ್ರ ಎಲ್ಲಿಯೂ ಇರುವುದಿಲ್ಲ.

ಎರಡನೆಯದು, ಅರ್ಥ ಮಾಡಿಕೊಳ್ಳುವ ಚಪಲ. ವಿಂಡೋಸ್ ವ್ಯವಸ್ಥೆಯಲ್ಲಿ ಸಿ ಭಾಷೆಯ ಪ್ರೋಗ್ರಾಂ ಕಡತವನ್ನು "ಬರಹ" ಎಂಬ ಭಾವನೆಯಿಂದ ತೆರೆದರೆ, ಸಾಲು ಮುಗಿದುದನ್ನು ತಿಳಿಸುವ 13, 10 ಎಂಬ ಜೋಡಿಯನ್ನು ಓದುವಾಗ 10 ಎಂದು ಕುಗ್ಗಿಸುತ್ತದೆ. ಬರೆಯುವಾಗ ಪ್ರತಿಯೊಂದು 10ನ್ನೂ 13, 10 ಎಂದು ಹಿಗ್ಗಿಸುತ್ತದೆ. 26 ಎಂಬ ಅಂಕಿ ಕಂಡರೆ ಕಡತವೇ ಮುಗಿಯಿತೆಂದು ತಿಳಿಯುತ್ತದೆ. ಬರಹಕ್ಕೆ ಇದು ಉಪಕಾರ. ಹಾಡಿನಲ್ಲಾದರೋ 10, 13, 26 ಎಂಬುವು ಸಾಲನ್ನಾಗಲಿ ಮುಕ್ತಾಯವನ್ನಾಗಲಿ ಸೂಚಿಸುವುದಿಲ್ಲ; ಅವು ದನಿಯ ಏರಿಳಿತಗಳು. ಆದುದರಿಂದ ನಕಲಿಗಾಗಿ ಕಡತವನ್ನು ಯಾವಾಗಲೂ ಬರಿಯ ಬೈಟುಗಳ ಸಾಲೆಂದೇ ತೆರೆಯಬೇಕು. ಭಾಷೆ ತಿಳಿಯದ ಲಿಪಿಕಾರನು ಕಂಡಂತೆ ಬರೆಯುತ್ತಾನೆ. ಅರೆಬರೆ ತಿಳಿದವನು ತಿದ್ದಿ ಬರೆಯುತ್ತಾನೆ. ಇಲ್ಲಿ ನಮಗೆ ಬೇಕಾದವನು ಮೊದಲಿನವನು.

ಮೂರನೆಯದು, ಹೆಸರಿನ ಅಪಾಯ. ಬರೆಯುವುದಕ್ಕೆಂದು ಕಡತವನ್ನು ತೆರೆದ ಕ್ಷಣದಲ್ಲಿಯೇ ಆ ಹೆಸರಿನಲ್ಲಿದ್ದ ಹಳೆಯ ಬರಹವು ಅಳಿಯುವುದು ವಾಡಿಕೆ. ಮೂಲಕ್ಕೂ ಪ್ರತಿಗೂ ಒಂದೇ ಹೆಸರು ಕೊಟ್ಟರೆ, ಓದುವುದಕ್ಕೆ ಮೊದಲೇ ಮೂಲವು ಬರಿದಾಗುತ್ತದೆ. ಎರಡನೆಯ ಹೆಜ್ಜೆಯ ನಿಬಂಧನೆ ಇರುವುದು ಇದಕ್ಕಾಗಿಯೇ. ಅನುಭವಿಗಳು ಇನ್ನೊಂದು ಉಪಾಯವನ್ನೂ ಮಾಡುತ್ತಾರೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಲ್ಲವೂ ಸರಿಯಾದ ಮೇಲೆ ಮಾತ್ರ ನಿಜವಾದ ಹೆಸರನ್ನು ಕೊಡುತ್ತಾರೆ. ನಡುವೆ ವಿದ್ಯುತ್ತು ಹೋದರೆ ಅರ್ಧ ಬರೆದ ಕಡತವು ಪೂರ್ಣ ಕಡತದ ಹೆಸರನ್ನು ಹೊತ್ತು ನಮ್ಮನ್ನು ಮೋಸಗೊಳಿಸುವುದಿಲ್ಲ.

ನಾಲ್ಕನೆಯದೇ ಹೆಚ್ಚು ಜನರನ್ನು ಕಾಡುವುದು. "ಬರೆ" ಎಂದು ಪ್ರೋಗ್ರಾಂ ಹೇಳಿದಾಗ ಕಾರ್ಯಾಚರಣ ವ್ಯವಸ್ಥೆಯು "ಆಯಿತು" ಎಂದು ಉತ್ತರ ಕೊಡುತ್ತದೆ. ಆದರೆ ಆ ಬೈಟುಗಳು ಆಗಲೇ ಡಿಸ್ಕನ್ನು ಸೇರಿರಬೇಕೆಂದಿಲ್ಲ. ಸ್ಮೃತಿಯಲ್ಲಿ ಒಂದು ಕಡೆ ಅವುಗಳನ್ನು ಕೂಡಿಟ್ಟುಕೊಂಡು, ಬಿಡುವಾದಾಗ ಡಿಸ್ಕಿಗೆ ಒಯ್ಯುವುದು ವ್ಯವಸ್ಥೆಯ ಕ್ರಮ. ಹೊರಗಿನ ಡಿಸ್ಕನ್ನಾಗಲಿ ಪೆನ್‌ಡ್ರೈವನ್ನಾಗಲಿ ಅಷ್ಟರಲ್ಲಿ ಕಿತ್ತುಕೊಂಡರೆ ಕಡತದ ಹೆಸರು ಬಂದಿರುತ್ತದೆ, ಒಡಲು ಪೂರ್ತಿ ಬಂದಿರುವುದಿಲ್ಲ. ಕೀಳುವ ಮೊದಲು ಅನುಮತಿ ಕೇಳಬೇಕೆಂದು ಯಂತ್ರವು ಹೇಳುವುದು ಬರಿಯ ಔಪಚಾರಿಕ ಮಾತಲ್ಲ.

ತಾಳೆ ನೋಡುವ ಕಲೆ

ಇನ್ನು ಎಂಟನೆಯ ಹೆಜ್ಜೆ. ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಓಲೆಗರಿಯ ಕಾಲದಲ್ಲಿ 32 ಅಕ್ಷರಗಳಿಗೆ ಒಂದು "ಗ್ರಂಥ" ಎಂಬ ಲೆಕ್ಕವಿತ್ತು. ಪುಸ್ತಕದ ಕೊನೆಯಲ್ಲಿ ಇಷ್ಟು ಗ್ರಂಥಗಳೆಂದು ಬರೆದಿಡುವ ರೂಢಿಯೂ ಇತ್ತು. ಪ್ರತಿಯಲ್ಲಿ ಈ ಎಣಿಕೆ ಕಡಿಮೆಯಾದರೆ ಏನೋ ಬಿಟ್ಟುಹೋಗಿದೆಯೆಂದು ತಿಳಿಯಬಹುದು. ಕಡತದ ಬೈಟುಗಳನ್ನು ಎಣಿಸಿ ನೋಡುವುದೂ ಇದೇ ಬಗೆಯ ಪರೀಕ್ಷೆ. ಮೂಲದಲ್ಲಿ 10,50,000, ಪ್ರತಿಯಲ್ಲಿ 10,48,576 ಎಂದಾದರೆ ಕೊನೆಯ ಕೊಡವು ದಾರಿಯಲ್ಲಿ ಚೆಲ್ಲಿತೆಂದು ಅರ್ಥ. ಆದರೆ ಎಣಿಕೆ ಸರಿಯಾಗಿದ್ದ ಮಾತ್ರಕ್ಕೆ ಬರಹ ಸರಿಯೆಂದು ಹೇಳಲಾಗದು. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬಂದಿದ್ದರೂ ಎಣಿಕೆ ಬದಲಾಗುವುದಿಲ್ಲ.

ಹಾಗಾದರೆ ಬೈಟುಗಳನ್ನೆಲ್ಲ ಕೂಡಿ ಮೊತ್ತವನ್ನು ಹೋಲಿಸೋಣವೇ? "ವ" ಎಂಬ ಅಕ್ಷರದ ಬೈಟುಗಳು 224, 178, 181, ಮೊತ್ತ 583. "ನ" ಎಂಬುದರ ಬೈಟುಗಳು 224, 178, 168, ಮೊತ್ತ 570. "ವನ" ಎಂಬ ಮಾತಿನ ಮೊತ್ತ 1,153. ಅಕ್ಷರಗಳು ಹಿಂದುಮುಂದಾಗಿ "ನವ" ಆದರೆ ಮೊತ್ತವೆಷ್ಟು? ಅದೂ 1,153. ಕಾಡು ಹೋಗಿ ಹೊಸತು ಬಂದರೂ ಲೆಕ್ಕಕ್ಕೆ ತಿಳಿಯಲಿಲ್ಲ!

ಇದಕ್ಕೆ ಪರಿಹಾರವುಂಟು. ಒಂದೊಂದು ಅಕ್ಷರದ ಬೆಲೆಯನ್ನೂ ಅದರ ಸ್ಥಾನದಿಂದ ಗುಣಿಸಿ ಕೂಡಬೇಕು. "ವನ" ಎಂಬುದಕ್ಕೆ 583 × 1 + 570 × 2, ಅಂದರೆ 1,723. "ನವ" ಎಂಬುದಕ್ಕೆ 570 × 1 + 583 × 2, ಅಂದರೆ 1,736. ಈಗ ವ್ಯತ್ಯಾಸ ಹೊರಬಿದ್ದಿತು. ಇದೇ ವಿಚಾರವನ್ನು ಇನ್ನೂ ಬಹುದೂರ ಬೆಳೆಸಿ ಗಣಿತಜ್ಞರು ಕಡತಕ್ಕೆ ಬೆರಳಚ್ಚಿನಂತಹ ಗುರುತುಗಳನ್ನು ಕಂಡುಹಿಡಿದಿದ್ದಾರೆ. ಷಾ-256 ಎಂಬುದು ಅವುಗಳಲ್ಲಿ ಒಂದು. ಕಡತ ಎಷ್ಟೇ ದೊಡ್ಡದಿರಲಿ, ಅದರ ಗುರುತು 256 ಬಿಟ್‌ಗಳು ಮಾತ್ರ. ವಾಡಿಕೆಯ ಬರವಣಿಗೆಯಲ್ಲಿ 64 ಚಿಹ್ನೆಗಳ ಒಂದು ಸಾಲು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಒಂದೇ ಗುರುತುಳ್ಳ ಎರಡು ಬೇರೆ ಕಡತಗಳು ಆಕಸ್ಮಿಕವಾಗಿ ದೊರೆಯುವ ಸಂಭವವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲದಷ್ಟು ಅಲ್ಪ. ಮೂಲದ ಗುರುತನ್ನೂ ಪ್ರತಿಯ ಗುರುತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಆದರೆ ಬರೆದ ಕೂಡಲೇ ಪ್ರತಿಯನ್ನು ಓದಿದರೆ, ಯಂತ್ರವು ಡಿಸ್ಕಿನಿಂದ ಓದದೆ, ತನ್ನ ಸ್ಮೃತಿಯಲ್ಲಿ ಉಳಿದಿರುವುದನ್ನೇ ನಮಗೆ ತೋರಿಸಬಹುದು. ಆದುದರಿಂದ ಹೊರಗಿನ ಡಿಸ್ಕಾಗಿದ್ದರೆ ಅದನ್ನು ಕ್ರಮವಾಗಿ ಬಿಡಿಸಿ, ಮತ್ತೆ ಜೋಡಿಸಿ, ಅನಂತರ ತಾಳೆ ನೋಡುವುದು ಲೇಸು. ಗಾಜಿಪುರದ ನಮ್ಮ ವಿದ್ಯಾರ್ಥಿನಿ ಫೋನಿನಲ್ಲಿರುವ ಮೂಲವನ್ನು ಅಳಿಸಬೇಕಾದುದು ಈ ಪರೀಕ್ಷೆಯ ಅನಂತರವೇ ಹೊರತು ಮೊದಲಲ್ಲ.

ತಾಳೆ ನೋಡುವುದರಿಂದ ತಿಳಿಯದ ಸಂಗತಿಯೂ ಒಂದುಂಟು. ಮೂಲದಲ್ಲಿಯೇ ದೋಷವಿದ್ದರೆ ಪ್ರತಿಯು ಆ ದೋಷವನ್ನೂ ನಿಷ್ಠೆಯಿಂದ ಒಯ್ಯುತ್ತದೆ. ಹಳೆಯ ಕಾವ್ಯಗಳನ್ನು ಸಂಪಾದಿಸುವವರು ಇದನ್ನು ಚೆನ್ನಾಗಿ ಬಲ್ಲರು. ಎರಡು ಓಲೆಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಕಂಡರೆ, ಎರಡೂ ಒಂದೇ ತಾಯಿಪ್ರತಿಯಿಂದ ಇಳಿದುವೆಂದು ಅವರು ಊಹಿಸುತ್ತಾರೆ. ಕಡತವು ಹೊಸದಾಗಿರುವಾಗಲೇ ಅದರ ಗುರುತನ್ನು ಬರೆದಿಟ್ಟುಕೊಂಡರೆ, ಮುಂದೆ ಮೂಲವೇ ಕೆಟ್ಟಿದೆಯೇ ಎಂದು ತಿಳಿಯಲು ದಾರಿಯಾಗುತ್ತದೆ.

ಪ್ರತಿ ಎಲ್ಲಿರಬೇಕು?

ಒಂದು ಡಿಸ್ಕಿನಲ್ಲಿರುವ ಕಡತಕ್ಕೆ ಅದೇ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಮಾಡಿದರೆ ಕೈತಪ್ಪಿ ಅಳಿಸುವುದರಿಂದ ರಕ್ಷಣೆ ದೊರೆಯಬಹುದು. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಅದಲ್ಲದೆ, ಇತ್ತೀಚಿನ ಕೆಲವು ಕಡತವ್ಯವಸ್ಥೆಗಳಲ್ಲಿ ಒಂದೇ ಡಿಸ್ಕಿನೊಳಗೆ ನಕಲು ಮಾಡಿದಾಗ ಬೈಟುಗಳನ್ನು ಎರಡನೆಯ ಸಲ ಬರೆಯುವುದೇ ಇಲ್ಲ. ಒಂದೇ ಒಡಲಿಗೆ ಎರಡು ಹೆಸರುಗಳನ್ನು ಕೊಟ್ಟು, ಯಾವುದಾದರೊಂದನ್ನು ತಿದ್ದಿದಾಗ ಮಾತ್ರ ತಿದ್ದಿದ ಭಾಗವನ್ನು ಬೇರೆಯಾಗಿ ಬರೆಯುತ್ತವೆ. ಸ್ಥಳವನ್ನು ಉಳಿಸುವ ಜಾಣತನವೇನೋ ಹೌದು. ಡಿಸ್ಕಿನ ಆ ಜಾಗವೊಂದು ಕೆಟ್ಟರೆ ಎರಡು ಹೆಸರುಗಳೂ ಒಟ್ಟಿಗೆ ಕೆಡುತ್ತವೆ.

ಹತ್ತನೆಯ ಶತಮಾನದ ಅತ್ತಿಮಬ್ಬೆಯ ಕೀರ್ತಿಯನ್ನು ಇಲ್ಲಿ ನೆನೆಯಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ದಾನ ಮಾಡಿದಳೆಂಬುದು ಪ್ರಸಿದ್ಧವಾಗಿದೆ. ಆಕೆ ಪ್ರತಿಗಳನ್ನು ಒಂದು ಭಂಡಾರದಲ್ಲಿ ಕೂಡಿಡಲಿಲ್ಲ, ಹಂಚಿದಳು. ಒಂದು ಊರಿನಲ್ಲಿ ಬೆಂಕಿ ಬೀಳಬಹುದು, ಇನ್ನೊಂದರಲ್ಲಿ ಗೆದ್ದಲು ಹತ್ತಬಹುದು; ಎಲ್ಲ ಊರುಗಳಲ್ಲಿಯೂ ಎಲ್ಲವೂ ಒಂದೇ ದಿನ ಆಗುವುದಿಲ್ಲ. ಒಂದು ಪ್ರತಿ ಮನೆಯ ಡಿಸ್ಕಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿರುವ ನಂಟರ ಬಳಿ ಇದ್ದರೆ ಅಜ್ಜಿಯ ಹಾಡಿಗೂ ಅಂತಹ ಆಯುಷ್ಯ ಬರುತ್ತದೆ.

ಮಾಡಿ ನೋಡಿ

ಪ್ರೋಗ್ರಾಂ ಬರೆಯಲು ಬಲ್ಲ ವಾಚಕರು ಈ ಎಂಟು ಹೆಜ್ಜೆಗಳನ್ನು ತಮಗೆ ತಿಳಿದ ಭಾಷೆಯಲ್ಲಿ ತಾವೇ ಬರೆದು ನೋಡಬೇಕು. ಪೈಥಾನಿನಂತಹ ಭಾಷೆಗಳಲ್ಲಿ ಒಂದೇ ಸಾಲಿನ ಆಜ್ಞೆಯಿಂದ ನಕಲು ಮಾಡುವ ಅನುಕೂಲವಿದೆ. ಆದರೂ ಒಳಗಿನ ಕೆಲಸವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಅದರ ಮರ್ಮ ತಿಳಿಯುತ್ತದೆ. ಮೊದಲು ಬೆಲೆಯಿಲ್ಲದ ಒಂದು ಚಿತ್ರದ ಕಡತವನ್ನು ತೆಗೆದುಕೊಂಡು ನಕಲು ಮಾಡಿ. ಎರಡರ ಗುರುತುಗಳೂ ಒಂದೇ ಇರುವುದನ್ನು ನೋಡಿ. ಅನಂತರ ಪ್ರತಿಯ ನಡುವಿನ ಒಂದು ಬೈಟನ್ನು ಬೇಕೆಂದೇ ಬದಲಿಸಿ, ಚಿತ್ರವನ್ನು ತೆರೆಯಿರಿ. ಅನೇಕ ವೇಳೆ ಕಣ್ಣಿಗೆ ಅದು ಮೊದಲಿನ ಹಾಗೆಯೇ ಕಾಣಬಹುದು. ಗುರುತು ಮಾತ್ರ ಪೂರ್ತಿ ಬೇರೆಯಾಗಿರುತ್ತದೆ. ಕಣ್ಣಿಗೆ ಸರಿಯಾಗಿ ಕಂಡುದು ನಿಜವಾಗಿಯೂ ಸರಿಯಾಗಿರಬೇಕಾಗಿಲ್ಲವೆಂಬುದು ಆಗ ಮನದಟ್ಟಾಗುತ್ತದೆ. ಬರೆದು ಮುಗಿಸಿದೊಡನೆ ಪ್ರತಿ ಆಗುವುದಿಲ್ಲ, ತಾಳೆ ನೋಡಿದ ಮೇಲೆ ಆಗುತ್ತದೆ.